ಕಿಟಕಿಯೊಳಗಿನ ಒಂಬತ್ತು

ಫೆಬ್ರುವರಿ ೩, ಬೆಳಗ್ಗೆ ಆರೂವರೆ

ಲಿಫ್ಟ್ ಮತ್ತೆ ತಡ. ಹಳೇ ಗಣಿಯ ಬಾಯಲ್ಲಿ ಸಾಲಾಗಿ ನಿಂತಿದ್ದೇವೆ, ತಲೆಗೆ ಹೆಲ್ಮೆಟ್, ಕೈಯಲ್ಲಿ ಟೀ. ಟೀ ಕೆಳಗೆ ಒಯ್ಯುವಂತಿಲ್ಲ, ಇಲ್ಲೇ ಮುಗಿಸಬೇಕು. ಇಳಿಯುವಾಗ ಈ ನೋಟ್‌ಬುಕ್ಕೂ ಇಲ್ಲೇ, ಲಾಕರಿನಲ್ಲಿ. ಆಮೇಲೆ ಒಂದೂವರೆ ಕಿಲೋಮೀಟರ್ ಇಳಿತ. ಕಿವಿ ಕಟ್ಟುತ್ತದೆ. ಇಳಿದ ಮೇಲೆ ಸ್ನಾನ, ಬಿಳಿ ಸೂಟು, ಎರಡು ಜೊತೆ ಗ್ಲೌಸು, ಕೂದಲಿಗೆ ಬಲೆ. ಬೆರಳಿನ ಬೆವರು ತಗುಲಿದರೂ ಸಾಕು, ನಮ್ಮ ಡಿಟೆಕ್ಟರ್ ಅದರೊಳಗಿನ ವಿಕಿರಣ ಹಿಡಿದು ಕೂಗಾಡುತ್ತದೆ. ಇಷ್ಟು ಮಡಿಯಲ್ಲಿ ಯಾವ ಹೆಂಗಸೂ ಅಡುಗೆ ಮಾಡಿರಲಾರಳು.

ಎಲ್ಲವೂ ಒಂದು ಘಟನೆಗಾಗಿ. ಜರ್ಮೇನಿಯಂ ಹರಳಿನೊಳಗೆ ಒಂದು ಪರಮಾಣು ತಾನಾಗಿ ಎರಡು ಎಲೆಕ್ಟ್ರಾನ್ ಉಗುಳಿ ಬೇರೆಯದಾಗಬೇಕು — ನ್ಯೂಟ್ರಿನೋ ಎಂಬ ಕಣ ಹೊರಬರದೆ. ಆಗುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆಗುವುದಾದರೆ, ಜಗತ್ತಿನಲ್ಲಿ ಏನೂ ಇಲ್ಲದಿರುವ ಬದಲು ಏನೋ ಯಾಕಿದೆ ಎಂಬುದಕ್ಕೆ ಒಂದು ಸುಳಿವು ಸಿಗುತ್ತದೆ. ಇಪ್ಪತ್ತು ವರ್ಷದಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೇನೆ. ಆಗಿಲ್ಲ.

ಹೊರಡುವಾಗ ಅಮ್ಮ ಬಾಗಿಲಲ್ಲಿ, "ಇವತ್ತೂ ಏನೂ ಆಗಲ್ಲ ತಾನೆ? ಹಾಗಾದ್ರೆ ಬೇಗ ಬಾ" ಅಂದಳು. ತಮಾಷೆಯಲ್ಲ. ತರಕಾರಿ ತರಬೇಕಿತ್ತು.


ಫೆಬ್ರುವರಿ ೯

ಮೀಟಿಂಗ್. ಕಸ ಯಾವುದು, ಕಾಳು ಯಾವುದು ಎಂಬ ನಿಯಮಗಳನ್ನೆಲ್ಲ ಇವತ್ತಿಗೆ ನಿಗದಿ ಮಾಡಿ ಬೀಗ ಹಾಕಿದೆವು. ಇನ್ನು ಯಾರೂ ಒಂದು ಚುಕ್ಕೆಯನ್ನೂ ಬದಲಿಸುವಂತಿಲ್ಲ. ಡೇಟಾದಲ್ಲಿ ನಮಗೆ ಬೇಕಾದ ಭಾಗ ಇಷ್ಟು ದಿನ ಮುಚ್ಚಿಯೇ ಇತ್ತು. ಅದಕ್ಕೆ ನಾವು ಕಿಟಕಿ ಎನ್ನುತ್ತೇವೆ. ಮೊದಲೇ ನೋಡಿಬಿಟ್ಟರೆ ಮನುಷ್ಯನಿಗೆ ಬೇಕಾದ್ದೇ ಕಾಣುತ್ತದೆ. ಎರಡು ವಾರದಲ್ಲಿ ತೆರೆಯುತ್ತೇವೆ.

ಇನ್ನೊಂದು ಉಪದ್ವ್ಯಾಪವೂ ಇದೆ. ಹುಸಿ. ಮುಖ್ಯಸ್ಥರು ಇಬ್ಬರನ್ನು ಗುಟ್ಟಾಗಿ ಆರಿಸುತ್ತಾರೆ. ಆ ಇಬ್ಬರು ನಾಣ್ಯ ಚಿಮ್ಮುತ್ತಾರೆ. ಒಂದು ಕಡೆ ಬಿದ್ದರೆ, ಅಸಲಿನಂತೆಯೇ ಕಾಣುವ ಸುಳ್ಳು ಮಿಡಿತಗಳನ್ನು ಡೇಟಾದೊಳಗೆ ಸೇರಿಸುತ್ತಾರೆ. ಇನ್ನೊಂದು ಕಡೆ ಬಿದ್ದರೆ ಸುಮ್ಮನಿರುತ್ತಾರೆ. ಯಾವುದಾಯಿತು ಎಂದು, ಸಂಶೋಧನಾ ಪೇಪರ್ ಪೂರ್ತಿ ಬರೆದು ಮುಗಿಯುವ ತನಕ ಅವರು ತುಟಿ ಪಿಟಿಕ್ಕೆನ್ನುವಂತಿಲ್ಲ. ನಮ್ಮ ಕಣ್ಣು ನೆಟ್ಟಗಿದೆಯೋ ಇಲ್ಲವೋ ನೋಡುವ ಪರೀಕ್ಷೆ. ಹಿಂದಿನ ಮೂರೂ ಸರದಿಯಲ್ಲಿ ಹುಸಿ ಬಿದ್ದಿರಲಿಲ್ಲ.

ಈ ನಿಯಮ ಬರೆದವಳು ನಾನೇ. "ಸಹೋದ್ಯೋಗಿಯಾಗಿರುವ ಗಂಡನಿಗೂ ಹೆಂಡತಿಗೂ ಹೇಳತಕ್ಕದ್ದಲ್ಲ" ಎಂಬ ಸಾಲೂ ನನ್ನದೇ. ಇವತ್ತು ಅದನ್ನು ಮತ್ತೆ ಓದಿದಾಗ ಎಲ್ಲರೂ ನಮ್ಮಿಬ್ಬರ ಕಡೆ ನೋಡಿ ನಕ್ಕರು. ನನ್ನ ಗಂಡ ಎಲೆಕ್ಟ್ರಾನಿಕ್ಸ್ ನೋಡಿಕೊಳ್ಳುವವನು. ಎಲ್ಲರ ಬಾಯಲ್ಲೂ ಅವನ ಹೆಸರು ತಂತಿ. ಈಗ ನನ್ನ ಬಾಯಲ್ಲೂ. ತಂತಿ ನಗಲಿಲ್ಲ, ಅವನು ಎಲ್ಲಿ ನಗುತ್ತಾನೆ.


ಫೆಬ್ರುವರಿ ೨೩, ಸಂಜೆ ನಾಲ್ಕು

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಕಿಟಕಿ ತೆರೆದೆವು. ಒಳಗೆ ಮಿಡಿತಗಳು. ಒಂಬತ್ತು.

ಇರಬೇಕಾದ ಜಾಗದಲ್ಲೇ, ಇರಬೇಕಾದ ಅಗಲದಲ್ಲೇ, ಒತ್ತಾಗಿ ನಿಂತಿವೆ. ಅಕ್ಕಪಕ್ಕ ಖಾಲಿ. ನಮ್ಮ ತಂಡದ ಕಿರಿಯಳು, ಎಲ್ಲದಕ್ಕೂ ಅಡ್ಡಪ್ರಶ್ನೆ ಹಾಕುವವಳು — ಅವಳಿಗೆ 'ಅನುಮಾನ' ಎಂದೇ ಹೆಸರಿಟ್ಟಿದ್ದೇವೆ — ಅವಳೇ ಮೊದಲು ಬಾಯಿ ಬಿಟ್ಟಳು. "ಪ್ಲಾಟ್ ತಪ್ಪಾಗಿ ಹಾಕಿಲ್ಲ ತಾನೆ?" ಮತ್ತೆ ಹಾಕಿದೆವು. ಒಂಬತ್ತು.

ಮುಖ್ಯಸ್ಥರು ಎದ್ದು ನಿಂತು, "ಹುಸಿ ಇರಬಹುದು, ನೆನಪಿರಲಿ" ಅಂದರು. ನೆನಪಿದೆ ಸ್ವಾಮಿ, ನಾನೇ ಬರೆದದ್ದು. ಆದರೂ ಟಾಯ್ಲೆಟ್ಟಿಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತೆ. ಇಪ್ಪತ್ತು ವರ್ಷ.


ಫೆಬ್ರುವರಿ ೨೪

ನಿನ್ನೆ ಮನೆಗೆ ಬಂದಾಗ ತಂತಿ ಅಡುಗೆಮನೆಯ ನಲ್ಲಿ ಬಿಚ್ಚಿ ಕೂತಿದ್ದ. "ನೋಡ್ದ್ಯಾ?" ಅಂದೆ. "ನೋಡ್ದೆ. ಚೆನ್ನಾಗಿದೆ" ಅಂದ. ನಲ್ಲಿಗೆ ಹೇಳಿದನೋ ನನಗೋ ಗೊತ್ತಾಗಲಿಲ್ಲ.

ಆ ನಲ್ಲಿ ಸೋರಲು ಶುರುವಾಗಿ ವರ್ಷವಾಯಿತು. ನಿನ್ನೆಯೇ ಯಾಕೆ ರಿಪೇರಿ?

ಹುಸಿ ಹಾಕಲು ಮಿಡಿತ ಸೃಷ್ಟಿಸುವ ಪೆಟ್ಟಿಗೆ ಬೇಕು. ಅದನ್ನು ಬಲ್ಲವರು ನಾಲ್ಕೈದು ಜನ. ಅವರಲ್ಲಿ ಇವನೂ ಒಬ್ಬ. ಇಡೀ ಲ್ಯಾಬ್ ಅವನ ಮುಖ ನೋಡುತ್ತಿದೆ. ಆ ಮುಖದಲ್ಲಿ ಏನಾದರೂ ಓದಲು ಬಂದಿದ್ದರೆ ಮದುವೆಯಾದ ಹೊಸದರಲ್ಲೇ ನಾನು ಓದುತ್ತಿದ್ದೆ.

ಕೇಳುವುದಿಲ್ಲ. ಕೇಳಲೇಬಾರದು.


ಮಾರ್ಚ್ ೧೨

ಒಂಬತ್ತನ್ನು ಕೊಲ್ಲುವ ಕೆಲಸ ನಡೆದಿದೆ. ಅನುಮಾನ ಮುಂದಾಳು. ರೇಡಾನ್ ಅನಿಲ ಹೆಚ್ಚಾಗಿತ್ತಾ? ಇಲ್ಲ. ಯಾವುದೋ ಒಂದೇ ಹರಳಿನ ಚೇಷ್ಟೆಯಾ? ಅಲ್ಲ, ಬೇರೆ ಬೇರೆ ಹರಳುಗಳಲ್ಲಿವೆ. ಪಂಪ್ ಆನ್ ಆದ ಹೊತ್ತಾ? ಅಲ್ಲ. ಪ್ರತಿ ಸಲವೂ ಅವಳ ಮುಖ ಸಪ್ಪಗಾಗುತ್ತದೆ, ನನ್ನ ಎದೆ ಹಗುರಾಗುತ್ತದೆ.

"ಮೇಡಂ, ನೀವು ಇದನ್ನ ಪ್ರೀತಿಸೋಕೆ ಶುರು ಮಾಡಿದೀರ. ಒಳ್ಳೇದಲ್ಲ," ಅಂದಳು ಇವತ್ತು. ಮೂವತ್ತು ದಾಟಿಲ್ಲ, ನನಗೆ ಬುದ್ಧಿ ಹೇಳುತ್ತಾಳೆ. ಸಿಟ್ಟು ಬಂತು. ಮಾತು ನಿಜವಾದ್ದರಿಂದ ಜಾಸ್ತಿ ಬಂತು.


ಮಾರ್ಚ್ ೧೯

ಮಾಡಬಾರದ್ದು ಮಾಡಿದೆ.

ಅಮ್ಮನನ್ನು ಹೃದಯದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆವು. ಡಾಕ್ಟರ್ ಒಳ್ಳೆಯವರು, ಮಾತಿಗೆಂದು "ಮಗಳು ಏನ್ ಮಾಡ್ತಾರೆ?" ಎಂದು ಕೇಳಿದರು. ಅಮ್ಮ, "ನೆಲದೊಳಗೆ ಕೂತ್ಕೊಂಡು ಕಾಯ್ತಾಳೆ. ನಾನು ಹೆರಿಗೆ ವಾರ್ಡ್‌ನಲ್ಲಿ ಕೆಲಸ ಮಾಡ್ತಾ ಆಯುಷ್ಯ ಕಳೆದೆ ಡಾಕ್ಟ್ರೇ. ನಾವು ಕಾದ್ರೆ ಮಗು ಬರ್ತಿತ್ತು. ಇವಳು ಕಾದಿದ್ದಕ್ಕೆ ಏನ್ ಬಂತು ಕೇಳಿ" ಅಂದಳು. ಡಾಕ್ಟರ್ ನಕ್ಕರು. ಹೊರಗಿದ್ದ ನರ್ಸೂ ನಕ್ಕಳು.

ಮಕ್ಕಳಾಗದ ಮಗಳ ಮುಂದೆ ಆಡುವ ಮಾತೇ ಇದು. ಹೊಸದೇನಲ್ಲ. ಆದರೆ ಇವತ್ತು ಕಾರಿನಲ್ಲಿ ತಡೆಯಲಾಗಲಿಲ್ಲ.

"ಬಂದಿದೆ ಅಮ್ಮ," ಅಂದೆ. "ಕಾದಿದ್ದಕ್ಕೆ ಬಂದಿದೆ. ಒಂಬತ್ತು ಬಂದಿವೆ. ಪ್ರಪಂಚದಲ್ಲಿ ಯಾರೂ ನೋಡದೇ ಇದ್ದದ್ದು. ಇನ್ನು ಮೂರು ತಿಂಗಳಿಗೆ ಎಲ್ಲರಿಗೂ ಗೊತ್ತಾಗುತ್ತೆ."

ಅಮ್ಮ ಹಿಂದಿನ ಸೀಟಿನಲ್ಲಿ. ತಂತಿ ಸ್ಟೀರಿಂಗ್ ಹಿಡಿದಿದ್ದ. ಸಿಗ್ನಲ್ ಹಸಿರಾದರೂ ಕಾರು ಎತ್ತಲಿಲ್ಲ, ಹಿಂದಿನವನು ಹಾರ್ನ್ ಹೊಡೆಯಬೇಕಾಯಿತು.

ಗುಟ್ಟು ಹೊರಗೆ ಹಾಕುವುದು ಕೆಲಸಕ್ಕೇ ಕುತ್ತು. ಗೊತ್ತು. ಹುಸಿಯ ವಿಷಯ ಹೇಳಿದೆನಾ? ಇಲ್ಲ. ಅದು ಬಾಯಿಗೇ ಬರಲಿಲ್ಲ.


ಮಾರ್ಚ್ ೨೨

ಅಮ್ಮನಿಗೆ ಮೊದಲ ದಿನ ನಂಬಿಕೆಯಿರಲಿಲ್ಲ. ನಿನ್ನೆಯಿಂದ ಕಾಲು ನೆಲದ ಮೇಲಿಲ್ಲ. ಪತ್ರಿಕೆಯಲ್ಲಿ ಕೆಲಸ ಮಾಡುವ ಸೋದರಮಾವನ ಮಗನ ನಂಬರ್ ಹುಡುಕುತ್ತಿದ್ದಾಳೆ.

"ಅಮ್ಮ, ಬೇಡ. ಇನ್ನೂ ಹೇಳೋ ಹಾಗಿಲ್ಲ."

"ಹೇಳ್ಬಾರದ್ದು ಅಂದ್ರೆ ನನಗ್ಯಾಕೆ ಹೇಳ್ದೆ?"

ನಾಳೆಯಿಂದ ನನಗೆ ಗಣಿ ಹತ್ತಿರದ ಹಾಸ್ಟೆಲಿನಲ್ಲಿ ವಾರದ ಮೇಲೆ ಡ್ಯೂಟಿ. ಅಮ್ಮನ ಬಾಯಿಗೆ ಬೀಗ ಹಾಕುವವರು ಈವರೆಗೆ ಹುಟ್ಟಿಲ್ಲ. "ಸ್ವಲ್ಪ ನೋಡ್ಕೋ" ಎಂದು ತಂತಿಗೆ ಹೇಳಿದೆ. "ಹೂಂ" ಅಂದ.


ಏಪ್ರಿಲ್ ೨

ವಾಪಸು ಬಂದೆ. ಏನೋ ಆಗಿದೆ. ಏನು ಬರೆಯಲಿ... ಬರೆದರೆ ಹಾಳಾದೀತು ಎಂಬ ಭಯ.

ಅಮ್ಮ ಯಾರಿಗೂ ಫೋನ್ ಮಾಡಿಲ್ಲ. ಕೆಳಗಿನ ಮನೆಯವರಿಗೂ ಸುದ್ದಿಯಿಲ್ಲ. ಊಟವಾದ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. "ಅದೇನು ಅಂತ ಸರಿಯಾಗಿ ಹೇಳು. ನಂಗೆ ಅರ್ಥ ಆಗೋ ಹಾಗೆ."

ಹೇಳಿದೆ. ಹರಳು, ಸೀಸದ ಗೋಡೆ, ತಲೆ ಮೇಲಿನ ಬಂಡೆ ಎಲ್ಲ. ನಡುವೆ ಬಾಯಿ ಹಾಕಲಿಲ್ಲ. ಟಿವಿ ಕಡೆ ನೋಡಲಿಲ್ಲ. ಮುಗಿದ ಮೇಲೆ, "ನಾನು ನಿನ್ನ ಕೆಲಸದ ಬಗ್ಗೆ ಹಗುರವಾಗಿ ಮಾತಾಡಿದೀನಿ. ತಪ್ಪಾಯ್ತು. ನಿನ್ನಂಥ ಮಗಳು ಎಷ್ಟು ಜನಕ್ಕಿದಾಳೆ" ಅಂದಳು. ತಲೆ ಸವರಿದಳು.

ನನಗೆ ಐವತ್ತೊಂದು. ತಲೆ ಸವರಿಸಿಕೊಂಡ ನೆನಪಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಚೆನ್ನಾಗಿ ಅತ್ತೆ.


ಏಪ್ರಿಲ್ ೧೮

ಅಮ್ಮ ದಿನಾ ಕೇಳುತ್ತಾಳೆ. "ಇವತ್ತು ಎಷ್ಟು ಬರೆದೆ? ಆ ಅನುಮಾನದ ಹುಡುಗಿ ಒಪ್ಪಿದಳಾ?" ನನ್ನ ತಟ್ಟೆಗೆ ತಾನೇ ಬಡಿಸುತ್ತಾಳೆ. ಸಂಜೆ ಬರುವಾಗ ಬಸ್‌ಸ್ಟಾಪಿನಿಂದ ಮನೆ ತನಕ ಕಾಲು ಬೇಗ ಬೇಗ ಬೀಳುತ್ತದೆ. ಈ ವಯಸ್ಸಿನಲ್ಲಿ ಅಮ್ಮನ ಬಳಿಗೆ ಓಡಿಬರುವ ಸ್ಕೂಲ್ ಹುಡುಗಿಯಾಗಿದ್ದೇನೆ. ನಗು ಬರುತ್ತದೆ. ಬರಲಿ.


ಮೇ ೭

ಪೇಪರ್ ಅರ್ಧ ಆಗಿದೆ. ಇವತ್ತು ನಿಯಮ ಮುರಿಯುವ ಅಂಚಿಗೆ ಹೋದೆ. ತಂತಿ ಬಟ್ಟೆ ಒಣಗಿಸುತ್ತಿದ್ದ. "ಒಂದು ಮಾತು ಕೇಳ್ಲಾ?" ಅಂದೆ.

"ಕೇಳ್ಬೇಡ."

ಅಷ್ಟೇ. ಹಾಗಾದರೆ ಆ ಇಬ್ಬರಲ್ಲಿ ಇವನು ಒಬ್ಬ. ಅದು ಖಾತ್ರಿಯಾಯಿತು. ಆದರೆ ಗೊತ್ತಿರುವುದು ಬೇರೆ, ಹಾಕಿರುವುದು ಬೇರೆ. ನಾಣ್ಯ ಯಾವ ಕಡೆ ಬಿದ್ದಿದ್ದರೂ ಅವನು ಹೀಗೇ ಅನ್ನಬೇಕು. ನಲ್ಲಿ ರಿಪೇರಿ ಮಾಡಿದ. ಪಾಪಪ್ರಜ್ಞೆಯೋ, ಸಂತೋಷವೋ? ವಾರದಿಂದ ನನಗಿಂತ ಮೊದಲು ಎದ್ದು ಟೀ ಮಾಡುತ್ತಾನೆ. ಇದನ್ನು ಯಾವ ಕಡೆ ಲೆಕ್ಕಕ್ಕೆ ಹಿಡಿಯಲಿ?

ಡೇಟಾ ಓದುವ ಹಾಗೆ ಗಂಡನನ್ನು ಓದುತ್ತಿದ್ದೇನೆ. ಎರಡರಲ್ಲೂ ನನಗೆ ಬೇಕಾದ್ದೇ ಕಾಣುತ್ತಿದೆ.


ಮೇ ೩೦

ಅನುಮಾನ ಸೋತಳು. "ಕೊಲ್ಲೋಕೆ ಆಗ್ಲಿಲ್ಲ ಮೇಡಂ. ಹುಸಿ ಅಲ್ಲದಿದ್ರೆ, ನಿಜ." ಕಣ್ಣು ತುಂಬಿಕೊಂಡಿತ್ತು. ಇಬ್ಬರೂ ಕ್ಯಾಂಟೀನಿನಲ್ಲಿ ಟೀ ಕುಡಿದೆವು. ಪೇಪರಿನ ಕೊನೆಯ ಪ್ಯಾರಾ ನಾನು ಬರೆದೆ. ಇಷ್ಟು ಚಂದದ ವಾಕ್ಯ ನನ್ನ ಜನ್ಮದಲ್ಲಿ ಬರೆದಿಲ್ಲ.


ಜೂನ್ ೧೧, ಮಧ್ಯಾಹ್ನ ಮೂರು

ಮುಗಿಯಿತು.

ದೊಡ್ಡ ಹಾಲ್. ಬೇರೆ ಊರುಗಳಲ್ಲಿರುವವರು ಗೋಡೆಯ ಪರದೆಯ ಮೇಲೆ. ಮುಖ್ಯಸ್ಥರು, "ಪೇಪರ್ ಸಿದ್ಧವಾಗಿದೆ. ಈಗ ಆ ಇಬ್ಬರು ಎದ್ದು ನಿಲ್ಲಬೇಕು" ಅಂದರು. ಹಿಂದಿನ ಸಾಲಿನಿಂದ ಕ್ಯಾಲಿಬ್ರೇಶನ್ ವಿಭಾಗದ ಹೆಂಗಸು ಎದ್ದಳು. ಆಮೇಲೆ ತಂತಿ. ಮೈಕು ಅವಳು ಅವನ ಕೈಗೆ ಕೊಟ್ಟಳು.

"ಹಾಕಿದ್ವಿ," ಅಂದ. "ಒಂಬತ್ತೂ ನಾವೇ."

ಆಮೇಲೆ ಚಪ್ಪಾಳೆ. ಅದೇ ಪದ್ಧತಿ. ಹುಸಿಯನ್ನು ಸರಿಯಾದ ಜಾಗದಲ್ಲಿ, ಸರಿಯಾದ ಲೆಕ್ಕದಲ್ಲಿ ಹಿಡಿದಿದ್ದೇವೆ, ಅಂದರೆ ವಿಧಾನ ಕೆಲಸ ಮಾಡುತ್ತದೆ, ಅಂದರೆ ಜಯ. ಮುಖ್ಯಸ್ಥರು ನನ್ನ ಕೈ ಕುಲುಕಿದರು. "ಇದು ನಿಮ್ಮ ಗೆಲುವು. ನಿಜವಾದ್ದು ಬಂದ್ರೆ ನಾವು ಕಳ್ಕೊಳ್ಳಲ್ಲ ಅಂತ ಸಾಬೀತಾಯ್ತು." ನಾನೂ ಚಪ್ಪಾಳೆ ತಟ್ಟಿದೆ. ಹಲ್ಲು ಕಚ್ಚಿಕೊಂಡು, ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಅನುಮಾನ ಎದ್ದು ಹೊರಗೆ ಹೋದಳು. ಅವಳಿಗೆ ಆ ಸ್ವಾತಂತ್ರ್ಯವಿದೆ.

ಹುಸಿ ತೆಗೆದ ಮೇಲೆ ಕಿಟಕಿಯಲ್ಲಿ ಉಳಿದದ್ದು ಏನೂ ಇಲ್ಲ. ಒಂದೇ ಒಂದೂ ಇಲ್ಲ. ಕೇಕ್ ಇತ್ತು. ತಿಂದೆ.


ಜೂನ್ ೧೨

ಜಗಳ. ದನಿ ಎತ್ತದೆ, ಅಮ್ಮನಿಗೆ ಕೇಳಿಸಬಾರದೆಂದು ಬಾಲ್ಕನಿಯಲ್ಲಿ ಪಿಸುಪಿಸು ಜಗಳ.

"ಇಷ್ಟು ತಿಂಗಳು ನನ್ನ ಪಕ್ಕ ಮಲಗಿದ್ದೆ."

"ನಿಯಮ ಬರೆದೋಳು ನೀನೇ."

"ಕಾರಲ್ಲಿ ಅಮ್ಮನಿಗೆ ಹೇಳ್ದಾಗ? ಆಗಲಾದ್ರೂ ಒಂದು ಸನ್ನೆ ಮಾಡ್ಬಾರ್ದಿತ್ತಾ?"

"ಮಾಡಿದ್ರೆ ನೀನು ಏನ್ ಮಾಡ್ತಿದ್ದೆ? ಮರುದಿನ ಹೋಗಿ, ನಂಗೆ ಗೊತ್ತಾಗಿದೆ, ನನ್ನನ್ನ ತೆಗೀರಿ ಅಂತ ಮುಖ್ಯಸ್ಥರಿಗೆ ಹೇಳ್ತಿದ್ದೆ. ಯಾರಿಂದ ಗೊತ್ತಾಯ್ತು ಅಂತಾನೂ ಹೇಳ್ತಿದ್ದೆ."

ನಿಜ. ಹೇಳುತ್ತಿದ್ದೆ. ಗಂಡನನ್ನೂ ಬಿಡುತ್ತಿರಲಿಲ್ಲ. ಅದನ್ನು ಅವನ ಬಾಯಿಂದ ಕೇಳಿದ ಮೇಲೆ ಮೈಯೆಲ್ಲ ಉರಿ. ಬಲ್ಲವನ ಜೊತೆ ಜಗಳವಾಡಬಾರದು, ಗೆಲ್ಲಲು ಬಿಡುವುದಿಲ್ಲ.

"ನಾನು ಖುಷಿಯಾಗಿರೋದು ನೋಡಿ ಏನ್ ಅನ್ನಿಸ್ತಿತ್ತು ನಿನಗೆ?"

"ಹಾಗೇ ಇದ್ದುಬಿಡಲಿ ಅನ್ನಿಸ್ತಿತ್ತು," ಅಂದ. ಒಳಗೆ ಹೋದ.

ಕ್ಷಮಿಸುವುದಿಲ್ಲ. ಸದ್ಯಕ್ಕಂತೂ ಇಲ್ಲ.


ಜೂನ್ ೨೧

ಅಮ್ಮನಿಗೆ ಹೇಳಿಲ್ಲ. ಹೇಗೆ ಹೇಳಲಿ. ಲಿಫ್ಟ್ ಇಳಿಯುವಾಗ ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತೇನೆ. "ಅಮ್ಮ, ಅದು ಒಂದು ಥರ ಪರೀಕ್ಷೆ..." ಅಲ್ಲಿಗೇ ನಿಲ್ಲುತ್ತದೆ. ಹೇಳಿದ ಕೂಡಲೇ ಆ ಮುಖ ಹಳೇ ಮುಖವಾಗುತ್ತದೆ. ಕಾದಿದ್ದಕ್ಕೆ ಏನ್ ಬಂತು. ಒಂಬತ್ತು ಹೋದದ್ದು ತಡೆದುಕೊಂಡೆ. ಇದು ತಡೆಯಲಾರೆ.

ಅಮ್ಮನೂ ಕೇಳುತ್ತಿಲ್ಲ. ದಿನಾ ಕೇಳುತ್ತಿದ್ದವಳು ಹನ್ನೊಂದರಿಂದ ಕೇಳಿಲ್ಲ. ನನ್ನ ಮುಖ ನೋಡಿ ಹೆದರಿರಬೇಕು. ಎದೆಯ ಮಾತ್ರೆಯನ್ನು ಡಾಕ್ಟರ್ ಬೇರೆ ಜಾಸ್ತಿ ಮಾಡಿದ್ದಾರೆ. ಇನ್ನೊಂದು ವಾರ ನೋಡೋಣ.


ಜುಲೈ ೫, ಬೆಳಗ್ಗೆ ಹನ್ನೊಂದು

ರಜೆ. ಅಮ್ಮ ಮಂಚದ ಮೇಲೆ ಒಗೆದ ಬಟ್ಟೆ ಮಡಿಸುತ್ತಿದ್ದಳು. ಎದುರು ಕೂತೆ. ನಾನೂ ಒಂದು ಟವೆಲ್ ಎತ್ತಿಕೊಂಡೆ, ಕೈಗೆ ಏನಾದರೂ ಬೇಕಿತ್ತು.

"ಅಮ್ಮ, ಆ ಒಂಬತ್ತು ಸುಳ್ಳಂತೆ."

ಏನೆಂದು ಕೇಳಲಿಲ್ಲ. ಹೌಹಾರಲಿಲ್ಲ. ದಿಂಬಿನ ಕವರಿನ ಮೂಲೆಗೆ ಮೂಲೆ ಸೇರಿಸಿ, ಮಡಚಿ, ಪಕ್ಕಕ್ಕಿಟ್ಟಳು.

"ಗೊತ್ತು."

ನನಗೆ ಅರ್ಥವಾಗಲಿಲ್ಲ. "ಏನು ಗೊತ್ತು?"

"ಅಳಿಯ ಹೇಳಿದ. ನೀನು ವಾರ ಗಣಿ ಹತ್ರ ಹೋಗಿದ್ಯಲ್ಲ, ಆಗ. ಪತ್ರಿಕೆಯವನಿಗೆ ಫೋನ್ ಹಚ್ಚಿಬಿಟ್ಟಿದ್ದೆ. ರಿಂಗ್ ಆಗ್ತಾ ಇತ್ತು. ಕೈಯಿಂದ ಕಿತ್ಕೊಂಡ. ಅತ್ತೆ, ಅದು ನಾನೇ ಹಾಕಿದ್ದು, ಪತ್ರಿಕೇಲಿ ಬಂದ್ರೆ ಅವಳ ಮಾನ ಹೋಗುತ್ತೆ, ಇಪ್ಪತ್ತು ವರ್ಷದ ಕೆಲಸ ಹೋಗುತ್ತೆ ಅಂದ. ಅವಳಿಗೆ ಮಾತ್ರ ಹೇಳ್ಬೇಡಿ ಅಂದ. ನಾನು ಹೇಳ್ಲಿಲ್ಲ."

ಅಮ್ಮ ಒಂದು ಗುಟ್ಟು ಇಟ್ಟುಕೊಂಡಳು. ಕೆಳಗಿನ ಮನೆಯವಳ ಗಂಡನ ಸಂಬಳದಿಂದ ಹಿಡಿದು ನನ್ನ ಆಪರೇಶನ್ ತನಕ ಊರಿಗೆಲ್ಲ ಹಂಚಿದ ಅಮ್ಮ.

"ಹಾಗಾದ್ರೆ ನಾನು ವಾಪಸ್ ಬಂದ ದಿನ... ನೀನು ನನ್ನನ್ನ ಕೂರಿಸ್ಕೊಂಡು ಹೇಳಿದ್ದೆಲ್ಲ?"

"ಎಷ್ಟು ಖುಷಿಯಾಗಿದ್ದೆ ನೀನು. ಮುಖ ಹೇಗಿತ್ತು ಅಂತ ನಿನಗೆ ಗೊತ್ತಿಲ್ಲ. ನಾನು ಇನ್ನೇನು ಅನ್ನಲಿ?"

ಆಮೇಲೆ ಸೀರೆ ಮಡಿಸಲು ಒಂದು ತುದಿ ನನ್ನ ಕೈಗೆ ಕೊಟ್ಟಳು. ಹಿಡಿದುಕೊಂಡೆ. ಇಬ್ಬರೂ ಸೇರಿ ಮಡಿಸಿದೆವು.


ಜುಲೈ ೫, ಮಧ್ಯಾಹ್ನ

ತಂತಿ ನಿಯಮ ಮುರಿದ. ಹೆಂಡತಿಗೆ ಹೇಳಲಿಲ್ಲ, ಅತ್ತೆಗೆ ಹೇಳಿದ. ಸುದ್ದಿ ಹೊರಗೆ ಹೋಗಬಾರದೆಂದು ಮುರಿದ. ನನ್ನ ಮಾನ ಉಳಿಸಲು, ಅಂತೆ. ಅದನ್ನು ಯೋಚಿಸಿದರೆ ಅವನ ಮೇಲೆ ಸಿಟ್ಟಾದರೂ ಬರಬೇಕು. ಬರುತ್ತಿಲ್ಲ. ಅವನು ಹಾಕಿದ್ದು ತೆಗೆಯಲು ಬರುವಂಥದ್ದು. ಯಾವುದು, ಎಷ್ಟು ಹೊತ್ತಿಗೆ, ಯಾವ ಹರಳಿನಲ್ಲಿ, ಎಲ್ಲಕ್ಕೂ ದಾಖಲೆಯಿದೆ.

ಅಮ್ಮನದು ಹೇಗೆ ತೆಗೆಯಲಿ? "ತಪ್ಪಾಯ್ತು" ಅಂದದ್ದು. "ನಿನ್ನಂಥ ಮಗಳು" ಅಂದದ್ದು. ದಿನಾ ಕೇಳಿದ್ದು, ಬಡಿಸಿದ್ದು, ತಲೆ ಸವರಿದ್ದು. ಅಷ್ಟೂ ಗೊತ್ತಿದ್ದೇ ಮಾಡಿದ್ದು. ಕಾಯಿಲೆಯವರ ಜೊತೆ ಮಾತನಾಡುವ ಹಾಗೆ. ಹೆರಿಗೆ ವಾರ್ಡಿನಲ್ಲಿ ಮಗು ಉಳಿಯದ ತಾಯಂದಿರಿಗೆ ಹೀಗೇ ಹೇಳುತ್ತಿದ್ದಳೇನೋ.

ಅದರಲ್ಲಿ ಒಂದಾದರೂ ನಿಜವಿತ್ತಾ ಎಂದು ಕೇಳಬಹುದು. ಕೇಳಿದರೆ ಹೌದೆನ್ನುತ್ತಾಳೆ. ಈಗ ಇನ್ನೂ ಬೇಗ ಹೌದೆನ್ನುತ್ತಾಳೆ.


ಜುಲೈ ೬, ಬೆಳಗ್ಗೆ ಆರೂವರೆ

ಲಿಫ್ಟ್ ಬಂದಿಲ್ಲ. ಹೊಸ ಡೇಟಾ ಸರದಿ ಇವತ್ತಿನಿಂದ. ಮುಖ್ಯಸ್ಥರು ಹುಸಿಗೆ ಇಬ್ಬರನ್ನು ಆರಿಸಿಯಾಗಿದೆಯಂತೆ.

ಹೊರಡುವಾಗ ಅಮ್ಮ ಬಾಗಿಲಿಗೆ ಬಂದಳು. ಟಿಫನ್ ಡಬ್ಬಿ ತಾನೇ ತುಂಬಿ ಕೈಗಿಟ್ಟಳು. "ಹುಷಾರಾಗಿ ಹೋಗ್ಬಾ ಕಂದ. ನಿಂದು ದೊಡ್ಡ ಕೆಲಸ," ಅಂದಳು. ಎಷ್ಟು ಮೆತ್ತಗೆ ಅಂದಳು.

ನಾನು ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ನಿಂತೇ ಇದ್ದೆ. ಇನ್ನೊಂದು ಮಾತು ಬರುತ್ತದೆಂದು ಕಾದೆ. ಏನೂ ಆಗಲ್ಲ ತಾನೆ, ಬೇಗ ಬಾ, ತರಕಾರಿ ಇಲ್ಲ — ಏನಾದರೂ. ಒಂದು ಸಲ ಮೂಗು ಮುರಿದಿದ್ದರೂ ಸಾಕಿತ್ತು. ಅಮ್ಮ ಯಾರನ್ನೂ ಸುಳ್ಳೇ ಬೈದವಳಲ್ಲ. ಒಂದೇ ಒಂದು ಸಲ ಬೈದಿದ್ದರೆ ನಾನು ಉಳಿದದ್ದನ್ನೂ ನಂಬಿ — ಲಿಫ್ಟ್ ಬಂತು.